ಐದು ಬೆರಳಿನ ತೋಟಾ

ವಿಂಡ್‌ಹುಕ್ ವಿಮಾನ ನಿಲ್ದಾಣ

ನಮೀಬಿಯಾಕ್ಕೆ ಹೋಗಿ ಬಂದವನನ್ನು ತಳಕಿನ ಬಸ್‌ಸ್ಟ್ಯಾಂಡಿನಲ್ಲಿ ನಿಲ್ಲಿಸಿಕೊಂಡು ಎಲ್ಲರೂ ಕೇಳುವುದು ಒಂದೇ ಪ್ರಶ್ನೆ. "ಸಿಂಹ ನೋಡಿದ್ರಾ ಮೇಷ್ಟ್ರೇ?" ಇಲ್ಲ ಕಣ್ರಪ್ಪಾ, ನೋಡಲಿಲ್ಲ. ಸಿಂಹ ತೋರಿಸ್ತೀನಿ ಬನ್ನಿ ಅಂತ ಕರೆಸಿಕೊಂಡವನು ನನ್ನನ್ನು ಒಂದು ಊಟದ ಮೇಜಿನ ಮುಂದೆ ಕೂರಿಸಿ, ಬಂದೂಕಿನ ಮೂರು ತೋಟಾ ಸಾಲಾಗಿ ನಿಲ್ಲಿಸಿ, ಇದರಲ್ಲಿ ಒಂದು ಆರಿಸಿ ಭಾವ ಅಂದ. ಅದನ್ನು ಆರಿಸುವುದರಲ್ಲೇ ನನ್ನ ಪ್ರವಾಸ ಮುಗಿದುಹೋಯಿತು.

ಕರೆಸಿಕೊಂಡವನು ನನ್ನ ಹೆಂಡತಿಯ ತಮ್ಮ ತಿಪ್ಪೇಶಿ. ಚಳ್ಳಕೆರೆಯಲ್ಲಿ ಬೋರ್‌ವೆಲ್ ಲಾರಿಯ ಮೇಲೆ ಕೆಲಸ ಕಲಿತವನು ಈಗ ಆರು ವರ್ಷದಿಂದ ನಮೀಬಿಯಾದ ಫಾರ್ಮುಗಳಲ್ಲಿ ಬೋರು ಕೊರೆಯುತ್ತಾನೆ. ನೀರಿಲ್ಲದ ನೆಲ ಎಲ್ಲಿದ್ದರೂ ಚಳ್ಳಕೆರೆಯವರಿಗೆ ಅದು ಮಾವನ ಮನೆ.

ವಿಮಾನ ನಿಲ್ದಾಣದಲ್ಲೇ ಕಾಟ ಶುರುವಾಯಿತು. ಅಲ್ಲಿಯ ಅಧಿಕಾರಿಣಿ ನನ್ನ ಚೀಲದಿಂದ ಶೇಂಗಾ ಚಟ್ನಿಪುಡಿಯ ಡಬ್ಬಿ ತೆಗೆದು, ಮೂಸಿ, ಎರಡು ಸಲ ಸೀನಿ, ಇದೇನು ಅಂದಳು. ನಾನು ಮೂವತ್ತು ವರ್ಷ ಗಣಿತ ಪಾಠ ಮಾಡಿದವನು, ಇಂಗ್ಲಿಷು ತಕ್ಕಮಟ್ಟಿಗೆ ಬರುತ್ತದೆ. ಆದರೂ ಆ ಹೊತ್ತಿಗೆ ಬಾಯಿಗೆ ಬಂದದ್ದು "ಪೌಡರ್" ಅನ್ನುವ ಮಾತೊಂದೇ. ಆಕೆ ಮುಖ ಗಂಟು ಹಾಕಿಕೊಂಡು ಇನ್ನಿಬ್ಬರನ್ನು ಕರೆದಳು. ಮೂವರೂ ನೆಕ್ಕಿ ನೋಡಿ, ಕಣ್ಣಲ್ಲಿ ನೀರು ತುಂಬಿಕೊಂಡು, ಹೋಗಿ ಹೋಗಿ ಅಂತ ಕೈಯಾಡಿಸಿದರು.

ಹೊರಗೆ ತಿಪ್ಪೇಶಿ ನಿಂತಿದ್ದ. ಪಕ್ಕದಲ್ಲಿ ಟೋಪಿ ಹಾಕಿಕೊಂಡ, ನನಗಿಂತ ಒಂದು ಗೇಣು ಎತ್ತರದ, ಎಪ್ಪತ್ತು ದಾಟಿದ ಬಿಳಿ ಹೆಂಗಸು. ಇವನು ಬೋರು ಕೊರೆದ ಫಾರ್ಮಿನ ಒಡತಿ, ಹೆಲ್ಗಾ. ನನ್ನನ್ನು ತೋರಿಸಿ ತಿಪ್ಪೇಶಿ ಏನೋ ಹೇಳಿದ. ಆಕೆ ನನ್ನ ಕೈ ಹಿಡಿದು, ಹೊಲ ಉಳುವವರ ಹಾಗೆ ಗಟ್ಟಿಯಾಗಿ ಅಮುಕಿ, "ಹಾಗಾದರೆ ನೀವೇ ಬೇಟೆಗಾರರು" ಅಂದರು.

ನಾನು ತಿಪ್ಪೇಶಿಯ ಕಡೆ ತಿರುಗಿದೆ. "ಏನಂತ ಹೇಳೀಯಲೇ?"

"ಸುಮ್ಕಿರಿ ಭಾವ. ಮನೇಲಿ ಬಂದೂಕು ಐತೆ ಅಂದೆ. ಇರಾದ್ ತಾನೆ ಹೇಳಿದ್ದು?"

ಬಿ.ಜಿ. ಕೆರೆಯ ಹೊಲ

ಇಲ್ಲಿ ಒಂದು ವಿಷಯ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನಾನು ಮುಂದೆ ಆಡಿದ ಆಟವೆಲ್ಲ ಹುಚ್ಚು ಅನ್ನಿಸುತ್ತದೆ.

ಬಂದೂಕು ಇರುವುದು ನಿಜ. ಬೆಳೆ ರಕ್ಷಣೆಗೆ ಅಂತ ಅಪ್ಪನ ಕಾಲದಲ್ಲಿ ಲೈಸೆನ್ಸ್ ಮಾಡಿಸಿದ ಕೇಪಿನ ಬಂದೂಕು. ಪಂಚಾಯ್ತಿಯಿಂದ ಪಾರ್ಲಿಮೆಂಟಿನವರೆಗೆ ಯಾವ ಎಲೆಕ್ಷನ್ ಬಂದರೂ ಅದನ್ನು ಠಾಣೆಗೆ ಹೊತ್ತುಕೊಂಡು ಹೋಗಿ ಒಪ್ಪಿಸಬೇಕು, ಮುಗಿದ ಮೇಲೆ ಬಿಡಿಸಿಕೊಂಡು ಬರಬೇಕು. ಹೊಲಕ್ಕಿಂತ ಅದು ಠಾಣೆಯಲ್ಲಿ ಇದ್ದದ್ದೇ ಹೆಚ್ಚು.

ಅದಕ್ಕೆ ತೋಟಾ ಬರುವುದಿಲ್ಲ. ನಳಿಗೆಯ ಬಾಯಿಂದ ಮದ್ದು ಸುರಿದು, ತೆಂಗಿನ ನಾರು ತುರುಕಿ, ಸೀಸದ ಗುಂಡು ಬಿಟ್ಟು, ಮತ್ತೆ ನಾರು ಹಾಕಿ, ಉದ್ದದ ಕಡ್ಡಿಯಿಂದ ಜಡಿಯಬೇಕು. ಅಳತೆ ಬೆರಳಿನದು. ಜಡಿದ ಮೇಲೆ ಕಡ್ಡಿ ನಳಿಗೆಯ ಬಾಯಿಂದ ಎಷ್ಟು ಬೆರಳು ಮೇಲೆ ನಿಲ್ಲುತ್ತದೋ ಅಷ್ಟು ಬೆರಳಿನ ಏಟು. ದೊಡ್ಡ ಪ್ರಾಣಿಗೆ ದೊಡ್ಡ ಅಳತೆ. ಹೊಡೆಯುವವನೇ ತುಂಬಬೇಕು, ಇನ್ನೊಬ್ಬರು ತುಂಬಿದ ಬಂದೂಕು ಹಿಡಿಯಬಾರದು. ಅಪ್ಪ ಹೇಳಿಕೊಟ್ಟದ್ದು ಇಷ್ಟೇ.

ಇಪ್ಪತ್ತೆರಡು ವರ್ಷದ ಹಿಂದೆ ಹಂದಿಗಳು ಶೇಂಗಾ ಹೊಲವನ್ನು ಉತ್ತು ಹಾಕುತ್ತಿದ್ದವು. ಅರಣ್ಯ ಇಲಾಖೆಯವರು ಒಂದು ಹಂದಿಗೆ ಅನುಮತಿ ಕೊಟ್ಟಿದ್ದರು. ಬೆಳಗಿನ ಜಾವ, ಇನ್ನೂ ಮಬ್ಬು. ಬದುವಿನ ಕಂಟಿ ಅಲ್ಲಾಡಿತು, ಹೊಡೆದೆ. ಹಂದಿ ಕಿರುಚಿಕೊಂಡು ಓಡಿತು. ಮೂರು ದಿನ ಅದು ಔಡಲ ಹೊಲಗಳ ಕಡೆ ಎಲ್ಲೋ ಕೂಗುತ್ತಿತ್ತು. ಸ್ಕೂಲಿಗೆ ಹೋಗುವಾಗ ಕೇಳುತ್ತಿತ್ತು, ಬರುವಾಗ ಕೇಳುತ್ತಿತ್ತು. ಹುಡುಕಿದೆ, ಸಿಗಲಿಲ್ಲ. ಮೂರನೆಯ ದಿನ ಸಂಜೆ ಸಿಕ್ಕಾಗ ಸತ್ತಿತ್ತು. ಅದರ ಸುತ್ತ ನೆಲ ಕುಂಟೆ ಹೊಡೆದ ಹಾಗೆ ಕಿತ್ತುಹೋಗಿತ್ತು, ಅಷ್ಟು ಒದ್ದಾಡಿತ್ತು.

ಯಾರಿಗೂ ಹೇಳಲಿಲ್ಲ. ಅವತ್ತು ಮೂರು ಬೆರಳು ಹಾಕಿದ್ದೆ, ನಾಲ್ಕು ಹಾಕಬೇಕಿತ್ತು. ಇಷ್ಟು ವರ್ಷ ತಲೆಯೊಳಗೆ ಇದೊಂದೇ ಕೊರೆತ. ಆಮೇಲೆ ಬಂದೂಕಿಗೆ ಮದ್ದು ನಾರು ಬಿಟ್ಟರೆ ಗುಂಡು ಹಾಕಿಲ್ಲ. ಸದ್ದು ಮಾಡಿ ಬೆದರಿಸುವುದು, ಅಷ್ಟೇ. ಇನ್ನೊಂದು ಜೀವ ನನ್ನ ಕೈಯಿಂದ ಹಾಗೆ ನರಳಬಾರದು ಅಂತ ಗಟ್ಟಿ ಮಾಡಿಕೊಂಡಿದ್ದೆ. ಅಂಥವನನ್ನು ಹಿಡಿದು ಬೇಟೆಗಾರ ಅಂದರೆ ಮೈ ಉರಿಯದೆ ಇರುತ್ತದೆಯೇ?

ಹೆಲ್ಗಾ ಅಜ್ಜಿಯ ಊಟದ ಮೇಜು

ಫಾರ್ಮು ಅಂದರೆ ನಾನು ತೋಟ, ಗದ್ದೆ ಅಂದುಕೊಂಡಿದ್ದೆ. ಗೇಟು ದಾಟಿದ ಮೇಲೆ ಜೀಪು ಮುಕ್ಕಾಲು ಗಂಟೆ ಓಡಿತು, ಇನ್ನೂ ಮನೆ ಬರಲಿಲ್ಲ. ಎರಡೂ ಕಡೆ ಮುಳ್ಳುಕಂಟಿ, ಕೆಂಪು ಮಣ್ಣು, ಒಣ ಹುಲ್ಲು. ಇದನ್ನು ನೋಡಲು ಎರಡು ವಿಮಾನ ಹತ್ತಿ ಬರಬೇಕಿತ್ತೇ? ನಮ್ಮ ಕಡೆ ಕುದಾಪುರದ ಕಾವಲಿನಲ್ಲಿ ಸರ್ಕಾರಿ ಸಂಸ್ಥೆಗಳ ಕಾಂಪೌಂಡು ಏಳುವ ಮುಂಚೆ ಇದ್ದದ್ದು ಇದೇ ನೆಲ. ಒಂದೇ ವ್ಯತ್ಯಾಸ. ನಮ್ಮಲ್ಲಿ ಕೃಷ್ಣಮೃಗದ ಮೈ ಮುಟ್ಟಿದರೆ ಜೈಲು. ಇಲ್ಲಿ ಬೇಲಿಯೊಳಗಿನ ಜಿಂಕೆಗಳೂ ದನಗಳ ಹಾಗೆ ಮನೆಯವರ ಲೆಕ್ಕಕ್ಕೆ ಸೇರಿದವು, ಕಾಗದ ಪತ್ರ ಮಾಡಿಸಿ ಹೊಡೆಯಬಹುದು.

ಆ ಮನೆತನದಲ್ಲಿ ಒಂದು ಪದ್ಧತಿ. ಹೊಸ ಬೋರಿನಲ್ಲಿ ನೀರು ಬಂದರೆ, ಆ ನೀರು ಕುಡಿಯಲು ಬರುವ ಪ್ರಾಣಿಗಳಲ್ಲಿ ಒಂದು ಬೋರು ಕೊರೆದವನ ಮನೆಗೆ. ಕೊರೆದವನ ಕಡೆಯವರೇ ಅದನ್ನು ಹೊಡೆಯಬೇಕು. ಮಾಂಸ ಫಾರ್ಮಿನ ಕೆಲಸದವರಿಗೆಲ್ಲ ಹಂಚಿಕೆ. ಬೇಡ ಅಂದರೆ ನಿಮ್ಮ ನೀರು ಸರಿಯಿಲ್ಲ ಅಂತ ಮುಖದ ಮೇಲೆ ಹೇಳಿದ ಹಾಗಂತೆ. ತಿಪ್ಪೇಶಿಗೆ ಕೋಳಿ ಕುಯ್ಯುವುದನ್ನು ನೋಡಿದರೂ ತಲೆ ತಿರುಗುತ್ತದೆ. ಅದಕ್ಕೇ ನನ್ನ ಕೊರಳಿಗೆ ಕಟ್ಟಿದ್ದ.

"ಮುಂಚೇನೇ ಹೇಳಬಾರದಿತ್ತೇನಲೇ?"

"ಹೇಳಿದ್ರೆ ಬರ್ತಿದ್ರಾ?"

ಗೊತ್ತುಮಾಡಿದ್ದ ಪ್ರಾಣಿ ಕುಡು. ನಮ್ಮ ಕೃಷ್ಣಮೃಗವನ್ನು ಕುದುರೆಯಷ್ಟು ಎತ್ತರಕ್ಕೆ ಬೆಳೆಸಿ, ಕೊಂಬನ್ನು ಇನ್ನೆರಡು ಸುತ್ತು ತಿರುಚಿದರೆ ಕುಡು. ಮುದಿ ಗಂಡು, ಮೈ ಇಳಿದುಹೋಗಿದೆ, ಈ ಬೇಸಿಗೆ ದಾಟುವುದಿಲ್ಲ ಅಂದರು ಅಜ್ಜಿ. ಆಮೇಲೆ ಒಂದು ಕಟ್ಟಳೆ ಹೇಳಿದರು. "ಒಂದು ತೊಟ್ಟು ರಕ್ತ ಬಿದ್ದರೂ ಅದು ನಿಮ್ಮದು. ಎಷ್ಟು ದೂರ ಹೋದರೂ, ಎಷ್ಟು ದಿನ ಆದರೂ ನೀವೇ ಹುಡುಕಬೇಕು."

ಹೆಂಡತಿ ಕೊಟ್ಟು ಕಳಿಸಿದ್ದ ಸೀರೆಯನ್ನು ಅಜ್ಜಿಗೆ ಕೊಟ್ಟೆ. ಮೊಳಕಾಲ್ಮೂರಿನಲ್ಲಿ ಮಗ್ಗದ ಮನೆಗೇ ಹೋಗಿ ತಂದ ರೇಷ್ಮೆ ಸೀರೆ. "ಚೀರ ಎವರಿಕಿ ಮೇಷ್ಟ್ರೇ?" ಅಂತ ನೇಯ್ದ ಹೆಂಗಸು ತೆಲುಗಿನಲ್ಲಿ ಕೇಳಿದಾಗ, ದೂರದ ದೇಶದ ದೊಡ್ಡಮ್ಮನಿಗೆ ಅಂದಿದ್ದೆ. ಆಕೆ ಅರಿಶಿನ ಮುಟ್ಟಿಸಿ ಮಡಚಿ ಕೊಟ್ಟಿದ್ದಳು. ಹೆಲ್ಗಾ ಅಜ್ಜಿ ಅದನ್ನು ಬಿಡಿಸಿ, ಆಹಾ ಅಂದು, ಎರಡು ಮಡಿಕೆ ಮಾಡಿ ಊಟದ ಮೇಜಿನ ಮೇಲೆ ಹಾಸಿದರು! ಅದರ ಮೇಲೆ ಮಾಂಸದ ತಟ್ಟೆ, ಬಿಯರ್ ಬಾಟಲಿ. ಅಂಚಿನ ನವಿಲಿನ ಮೇಲೆ ಸಾಸಿವೆ ಗೊಜ್ಜು. ತಿಪ್ಪೇಶಿ ಮೇಜಿನ ಕೆಳಗೆ ನನ್ನ ಕಾಲು ಅದುಮಿ ಹಿಡಿದಿದ್ದ. ಇಲ್ಲದಿದ್ದರೆ ನಾನು ಸುಮ್ಮನಿರುತ್ತಿರಲಿಲ್ಲ.

ಊಟ ಮುಗಿದ ಮೇಲೆ ಆ ಸೀರೆಯ ಮೇಲೆಯೇ ಮೂರು ತೋಟಾ ಬಂದು ನಿಂತವು. ಅವುಗಳ ಹೆಸರೇ ನಂಬರು. ಮುನ್ನೂರೆಂಟು. ಮೂವತ್ತು-ಸೊನ್ನೆ-ಆರು. ಮುನ್ನೂರೆಪ್ಪತ್ತೈದು. ಒಂದೊಂದಕ್ಕೆ ಒಂದೊಂದು ರೈಫಲ್ಲು. ಪಕ್ಕದ ಫಾರ್ಮಿನ ಗಡ್ಡದವನೊಬ್ಬ ಬಂದಿದ್ದ. ಅವನು ನಡುವಿನದು ಅಂದ. ಅಜ್ಜಿ ಚಿಕ್ಕದು ಅಂದರು. ತಿಪ್ಪೇಶಿ, ಜನ್ಮದಲ್ಲಿ ಕವಣೆ ಕಲ್ಲೂ ಬೀಸದವನು, ಯೂಟ್ಯೂಬ್‌ನಲ್ಲಿ ನೋಡಿದ್ದೇನೆ ಅಂತ ಗಡ್ಡದವನ ಪರ ನಿಂತ. ಗುಂಡಿನ ತೂಕ, ವೇಗ, ಗಾಳಿ, ದೂರ. ತಳಕಿನ ಗೊಬ್ಬರದಂಗಡಿ ಮುಂದೆ ಯಾವ ಶೇಂಗಾ ಬೀಜ ಒಳ್ಳೇದು ಅಂತ ಬೆಳಗಿನಿಂದ ಸಂಜೆವರೆಗೆ ಕಚ್ಚಾಡುತ್ತಾರಲ್ಲ, ಥೇಟ್ ಹಂಗೆ. ನನ್ನ ತಲೆ ಚಿಟ್ಟು ಹಿಡಿಯಿತು.

ನಾನು ಎದ್ದು ಹೋಗಿ ಒಂದೊಂದರ ಪಕ್ಕಕ್ಕೂ ಬೆರಳು ಅಡ್ಡ ಹಿಡಿದು ಅಳೆದೆ. ಮೊದಲನೆಯದು ನಾಲ್ಕು ಬೆರಳಿಗೆ ಕಮ್ಮಿ. ಎರಡನೆಯದು ನಾಲ್ಕೂವರೆ. ಮೂರನೆಯದು ಹತ್ತಿರ ಹತ್ತಿರ ಐದು.

"ಇದೇ" ಅಂದೆ.

ಗಡ್ಡದವನು ನಕ್ಕ. ಅಜ್ಜಿ ನಗಲಿಲ್ಲ. "ಅದು ಕಾಡೆಮ್ಮೆಗೆ. ಕುಡುವಿಗೆ ಬೇಡ."

"ಐದು ಬೆರಳು ಇದ್ದರೆ ಹೊಡೆಯುತ್ತೇನೆ, ಇಲ್ಲದಿದ್ದರೆ ಇಲ್ಲ" ಅಂದೆ. ಹಂದಿಯ ಕಥೆ ಇವರಿಗೆ ಹೇಳುವುದಕ್ಕೆ ಆಗುತ್ತದೆಯೇ? ಮೂರ್ಖ ಅಂದುಕೊಳ್ಳಲಿ ಬಿಡು ಅಂದುಕೊಂಡೆ, ಅವರೂ ಸಂಕೋಚವಿಲ್ಲದೆ ಹಾಗೇ ಅಂದುಕೊಂಡರು.

ನೂರು ಹೆಜ್ಜೆ ಆಚೆಯ ಹಲಗೆ

ಮರುದಿನ ಬೆಳಿಗ್ಗೆ ಮನೆ ಹಿಂದಿನ ಬಯಲಿಗೆ ಕರೆದುಕೊಂಡು ಹೋದರು. ನೂರು ಹೆಜ್ಜೆ ದೂರದಲ್ಲಿ ಹಲಗೆ, ಅದಕ್ಕೆ ಅಂಟಿಸಿದ ಚಹಾ ಸಾಸರಿನಷ್ಟು ಬಿಳಿ ಕಾಗದ. ಜೊತೆಗೆ ಪೆಟ್ರುಸ್. ನನ್ನದೇ ವಯಸ್ಸಿನವನು, ಆ ಫಾರ್ಮಿನಲ್ಲಿ ಪ್ರಾಣಿಯ ಜಾಡು ಹಿಡಿಯುವುದರಲ್ಲಿ ಅವನನ್ನು ಬಿಟ್ಟರೆ ಇಲ್ಲ. ಮಾತು ಬಲು ಕಮ್ಮಿ. ಅಷ್ಟು ಜನರಲ್ಲಿ ನನಗೆ ಸಿಟ್ಟು ಬರಿಸದೆ ಇದ್ದವನು ಅವನೊಬ್ಬ.

ದೊಡ್ಡ ರೈಫಲ್ಲು ಎತ್ತಿ ಹೊಡೆದೆ. ಅಯ್ಯಯ್ಯಪ್ಪ! ಹೋರಿ ಭುಜಕ್ಕೆ ಗುಮ್ಮಿದ ಹಾಗಾಯಿತು. ಹಲಗೆಯಲ್ಲಿ ತೂತಿಲ್ಲ. ಎರಡನೆಯದು, ತೂತಿಲ್ಲ. ಮೂರನೆಯದು ಹಲಗೆಯ ಮೂಲೆಗೆ ತಾಗಿತು. ಸಂಜೆಗೆ ಭುಜ ನೇರಳೆ ಹಣ್ಣಿನ ಬಣ್ಣ. ಊರಿಂದ ಹೆಂಡತಿ ವಿಡಿಯೋ ಕಾಲ್ ಮಾಡಿದವಳು, "ಏನ್ರೀ ಅದು, ಯಾರ ಜೊತೆ ಜಗಳ ಆಡಿದ್ರಿ?" ಅಂದಳು. ನಿನ್ನ ತಮ್ಮನನ್ನೇ ಕೇಳು ಅಂದೆ.

ಮೂರನೆಯ ದಿನ ಅಜ್ಜಿ ತಾವೇ ರೈಫಲ್ಲಿಗೆ ತುಂಬಿ ನನ್ನ ಕೈಗೆ ಕೊಟ್ಟರು. ಗುರಿ ಹಿಡಿದೆ, ರೈಫಲ್ಲಿನ ಕುದುರೆ ಎಳೆದೆ. ಟಿಕ್ ಅಂತ ಒಂದು ಸದ್ದು, ಅಷ್ಟೇ. ಒಳಗೆ ಇದ್ದದ್ದು ಮದ್ದಿಲ್ಲದ ಖಾಲಿ ತೋಟಾ. ಆದರೆ ನಳಿಗೆಯ ಮೂತಿ ಒಂದು ಗೇಣು ಕೆಳಕ್ಕೆ ಕುಸಿದಿತ್ತು. ನನ್ನ ಎರಡೂ ಕಣ್ಣು ಮುಚ್ಚಿದ್ದವು! ಏಟು ಬರುವ ಮುಂಚೆಯೇ ನಾನು ಹೆದರಿ ಮುದುಡಿದ್ದು ಎಲ್ಲರ ಮುಂದೆ ಬಟಾಬಯಲಾಯಿತು. ಪೆಟ್ರುಸ್ ಮರ್ಯಾದಸ್ಥ, ಎಲ್ಲೋ ಹಕ್ಕಿ ನೋಡುವವನ ಹಾಗೆ ಆಚೆ ತಿರುಗಿಕೊಂಡ. ತಿಪ್ಪೇಶಿ ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಕೂತ.

ನನಗೆ ರೇಗಿಹೋಯಿತು. "ಇನ್ನೊಬ್ಬರು ತುಂಬಿದ ಬಂದೂಕನ್ನು ನಮ್ಮಲ್ಲಿ ಮುಟ್ಟುವುದಿಲ್ಲ! ಮೋಸ ಇದು!" ಅಂತ ಕೂಗಾಡಿದೆ.

"ಸರಿ. ಹಾಗಾದರೆ ನೀವೇ ತುಂಬಿ" ಅಂದರು ಅಜ್ಜಿ.

ರೈಫಲ್ಲಿಗೆ ಅಲ್ಲ, ತೋಟಾಕ್ಕೇ. ಆ ಮನೆಯಲ್ಲಿ ತೋಟಾವನ್ನು ಅಂಗಡಿಯಿಂದ ತರುವುದಿಲ್ಲ. ಹೊಡೆದ ಹಿತ್ತಾಳೆ ಕೊಳವೆಯನ್ನು ಆರಿಸಿ ತಂದು, ತೊಳೆದು, ಮತ್ತೆ ತುಂಬುತ್ತಾರೆ. ಅದೇ ಸೀರೆಯ ಮೇಲೆ ಒಂದು ಸಣ್ಣ ಒತ್ತುಯಂತ್ರ, ಅಕ್ಕಸಾಲಿಗರ ತಕ್ಕಡಿಯಂಥ ತಕ್ಕಡಿ. ಅಜ್ಜಿ ಚಿಕ್ಕ ತೋಟಾವನ್ನೇ ಮುಂದಿಟ್ಟರು, ಭುಜದ ನೋವಿಗೆ ನಾನೂ ಒಪ್ಪಿದೆ. ನಾನು ಮದ್ದು ತೂಗಿ, ಕೊಳವೆಗೆ ಸುರಿದು, ಗುಂಡು ಇಟ್ಟು, ಹಿಡಿ ಒತ್ತಿದೆ. ಬೆರಳಿಗೆ ಬದಲು ತೂಕ, ಮಿಕ್ಕದ್ದೆಲ್ಲ ಅಪ್ಪನ ಕೆಲಸವೇ. ಸತ್ಯ ಹೇಳಬೇಕೆಂದರೆ, ಆ ದೇಶಕ್ಕೆ ಕಾಲಿಟ್ಟ ಮೇಲೆ ಮನಸ್ಸಿಗೆ ಹಾಯೆನಿಸಿದ್ದು ಆ ಒಂದು ಮಧ್ಯಾಹ್ನ.

ಇನ್ನೊಂದು ಚಿಟಿಕೆ ಹೆಚ್ಚು ಹಾಕಲೇ ಅಂತ ಕೇಳಿದೆ. ಅಜ್ಜಿ ನನ್ನ ಕೈ ಹಿಡಿದು ನಿಲ್ಲಿಸಿದರು. "ನಿಮಗೆ ಯಾವುದರ ಭಯ?"

"ಗಾಯ ಮಾಡಿ ಬಿಡುವ ಭಯ."

"ಗಾಯ ಆಗುವುದು ಚಿಕ್ಕ ತೋಟಾದಿಂದಲ್ಲ. ತಪ್ಪು ಜಾಗಕ್ಕೆ ಬಿದ್ದದ್ದರಿಂದ. ಕಣ್ಣು ಮುಚ್ಚಿ ಹೊಡೆದರೆ ಫಿರಂಗಿಯೂ ಅಷ್ಟೇ."

ನನಗೆ ಅದು ಹಿಡಿಸಲಿಲ್ಲ. ತುಂಬುತ್ತಾ ಕೂತೆ. ಆ ಸಾಸರಿನೊಳಗೆ ಸಾಲಾಗಿ ಐದು ಏಟು ಬೀಳುವವರೆಗೆ ಕುಡುವಿನ ಮಾತೇ ಇಲ್ಲ ಅಂತ ಅಪ್ಪಣೆಯಾಯಿತು. ಎರಡು ಬೀಳುತ್ತಿತ್ತು, ಮೂರನೆಯದು ಆಚೆ. ನಾಲ್ಕು ಬೀಳುತ್ತಿತ್ತು, ಐದನೆಯದು ಆಚೆ. ದಿನಾ ತುಂಬುವುದು, ದಿನಾ ಹೊಡೆಯುವುದು. ತಿಪ್ಪೇಶಿ "ಆಗ್ಲೇ ಸಾಕ್ ಬಿಡ್ರಿ ಭಾವ, ಕುಡು ಏನ್ ಸಾಸರ್ ಹಿಡ್ಕಂಡು ನಿಂತಿರ್ತೈತಾ?" ಅನ್ನುವನು. ನಾನು ಕೊಳವೆ ಎತ್ತಿ ಅವನ ಮೇಲೆ ಎಸೆಯುವವನು. ಒಂಬತ್ತನೆಯ ದಿನ ಐದೂ ಬಿದ್ದವು.

ಮುಳ್ಳುಕಂಟಿ, ಬೆಳಗಿನ ಎಂಟು ಗಂಟೆ

ಬಿಸಿಲು ಚೆನ್ನಾಗಿ ಬಂದ ಮೇಲೆಯೇ ಹೊರಟೆವು. ಮುಂದೆ ಪೆಟ್ರುಸ್, ಹಿಂದೆ ನಾನು, ನನ್ನ ಹಿಂದೆ ಅಜ್ಜಿ, ಕೊನೆಗೆ ಕೆಮ್ಮುತ್ತಾ, ಮುಳ್ಳು ಚುಚ್ಚಿಸಿಕೊಂಡು ಅವ್ವಾ ಅನ್ನುತ್ತಾ ತಿಪ್ಪೇಶಿ. ಬ್ಯಾಡ ಕಣಲೇ ಅಂದರೂ ಫೋಟೋ ತೆಗೆಯಬೇಕು ಅಂತ ಬಂದಿದ್ದ.

ಹೊಸ ಬೋರಿನ ತೊಟ್ಟಿಯ ಹತ್ತಿರ ಮುದಿ ಕುಡು ನಿಂತಿತ್ತು. ಪೆಟ್ರುಸ್ ಮೂರು ಕೋಲು ಕಟ್ಟಿದ ಆನಿಕೆಯನ್ನು ಸದ್ದಿಲ್ಲದೆ ನೆಲಕ್ಕೂರಿದ. ರೈಫಲ್ಲು ಅದರ ಮೇಲಿಟ್ಟೆ. ಮುಂಗಾಲಿನ ಹಿಂಬದಿ, ಮೈಯ ಕೆಳಗಿನ ಮೂರನೆಯ ಒಂದು ಭಾಗ. ಒಂಬತ್ತು ದಿನ ಅಜ್ಜಿ ಕಿವಿಗೆ ಊದಿದ್ದು ಅದೇ. ಕುಡು ಓರೆಯಾಗಿ ನಿಂತಿತ್ತು. ಕಾದೆ. ತಲೆ ಬಗ್ಗಿಸಿ ನೀರು ಕುಡಿಯಿತು, ಕಾದೆ. ಹಿಂದಿನಿಂದ ತಿಪ್ಪೇಶಿ "ಹೊಡೀರಿ, ಹೊಡೀರಿ" ಅಂತ ಪಿಸುಗುಟ್ಟಿದ. ಅವನ ಬಾಯಿ ಮೇಲೆ ಅಜ್ಜಿಯ ಕೈ ಬಿದ್ದ ಸದ್ದು ಕೇಳಿತು. ಕುಡು ತಿರುಗಿ ಅಡ್ಡವಾಗಿ ನಿಂತಿತು. ಕಣ್ಣು ತೆರೆದುಕೊಂಡೇ ಕುದುರೆ ಎಳೆದೆ.

ಕುಡು ಬೀಳಲಿಲ್ಲ. ಬೆನ್ನು ಗೂನು ಮಾಡಿ ಒಂದು ನೆಗೆತ ನೆಗೆದು ಕಂಟಿಯೊಳಗೆ ನುಗ್ಗಿ ಹೋಯಿತು.

ಓಡಿದೆ. ಪೆಟ್ರುಸ್ ನನ್ನ ಅಂಗಿ ಹಿಡಿದು ಎಳೆದ. ಅಜ್ಜಿ ಒಂದು ಮರದ ನೆರಳಿಗೆ ಕೂತು ಫ್ಲಾಸ್ಕ್ ತೆಗೆದು ಕಾಫಿ ಬಗ್ಗಿಸತೊಡಗಿದರು!

"ಅರ್ಧ ಗಂಟೆ" ಅಂದರು.

"ಅದು ಅಲ್ಲಿ ಒದ್ದಾಡುತ್ತಿದ್ದರೆ?"

"ಒದ್ದಾಡುತ್ತಿದ್ದರೆ, ನಾವು ಹೋದಾಗ ಎದ್ದು ಇನ್ನೂ ದೂರ ಓಡುತ್ತದೆ. ಕೂತುಕೊಳ್ಳಿ."

ಹಾಲಿಲ್ಲದ, ಸಕ್ಕರೆಯಿಲ್ಲದ, ಕಷಾಯದಂಥ ಕಾಫಿ. ಎಂಥ ಜನ ಇವರು, ಎಂಥ ದೇಶ ಇದು ಅಂತ ಬೈಯುತ್ತಾ ಕೂತೆ. ಒಂದು ನಿಮಿಷಕ್ಕೊಮ್ಮೆ ಗಡಿಯಾರ ನೋಡಿದೆ. ಆ ಮೌನದಲ್ಲಿ ಏನಾದರೂ ಕೂಗು ಕೇಳುತ್ತದೇನೋ ಅಂತ ಕಿವಿಯೆಲ್ಲ ಆ ಕಂಟಿಯ ಕಡೆಗೇ ಇತ್ತು.

ತಿಪ್ಪೇಶಿ ಪಕ್ಕಕ್ಕೆ ಬಂದ. "ಯಾಕ್ ಭಾವ ಇಷ್ಟ್ ನಡುಗ್ತೀರಿ? ಮೊದಲ್ನೇ ಸಲ ಹೊಡೆದೋರಂಗೆ?"

"ಇಪ್ಪತ್ತೆರಡು ವರ್ಷದಿಂದ ನಾನು ಬಂದೂಕಿಗೆ ಗುಂಡೇ ಹಾಕಿಲ್ಲ ಕಣಲೇ" ಅಂದೆ. ಅಂದೇಬಿಟ್ಟೆ.

"ಅಯ್ಯ, ಅದಾ! ನಿಮ್ ಬಂದೂಕಾಗೆ ಗುಂಡಿಲ್ಲ ಅನ್ನಾದು ಬಿ.ಜಿ. ಕೆರೆ ಹಂದಿಗಳಿಗೂ ಗೊತ್ತೈತೆ ಭಾವ. ನೀವು ಢಂ ಅನ್ನಿಸಿದ್ರೆ ಅವು ತಲೆ ಎತ್ತಿ ನೋಡಿ ಮತ್ತೆ ಶೇಂಗಾ ತಿಂತಾವೆ."

ಇವನನ್ನು ಏನು ಮಾಡಬೇಕು ಹೇಳಿ! ಗೊತ್ತಿದ್ದೂ ಬೇಟೆಗಾರ ಅಂದಿದ್ದನಲ್ಲ ಅಂತ ಕೈ ಎತ್ತಿದೆ. ಎತ್ತಿದ ಕೈ ಹಾಗೇ ಇಳಿಯಿತು. ಯಾಕೆ ಗುಂಡು ಹಾಕುವುದಿಲ್ಲ ಅನ್ನುವುದು ಅವನಿಗೆ ಗೊತ್ತಿರಲಿಲ್ಲ. ಹೇಳಿದೆ. ಮೂರು ದಿನದ ಕೂಗು, ಔಡಲ ಹೊಲ, ಕಿತ್ತುಹೋದ ನೆಲ, ಮೂರು ಬೆರಳು ಮದ್ದು, ಎಲ್ಲ. ಮುಗಿಸುವ ಹೊತ್ತಿಗೆ ಪೆಟ್ರುಸ್ ಎದ್ದು ನಿಂತಿದ್ದ.

ಅವನು ನೆಲ ನೋಡುತ್ತಾ ನಡೆದ, ನಾನು ಹೆಜ್ಜೆ ಎಣಿಸುತ್ತಾ ನಡೆದೆ. ಅರವತ್ತೆರಡನೆಯ ಹೆಜ್ಜೆಗೆ ಒಂದು ಕಂಟಿಯ ಹಿಂದೆ ಕುಡು ಮಲಗಿತ್ತು. ಅಜ್ಜಿ ಉದ್ದದ ಕಡ್ಡಿಯಿಂದ ಅದರ ಕಣ್ಣು ಮುಟ್ಟಿ ನೋಡಿ, ಜೀವ ಹೋಗಿದೆ ಅಂತ ತಲೆಯಾಡಿಸಿದರು.

"ಎಷ್ಟು ಹೊತ್ತು ನರಳಿತು?" ಅಂತ ಪೆಟ್ರುಸ್‌ನನ್ನು ಕೇಳಿದೆ. ಅವನು ಓಡಿದ ಗೊರಸಿನ ಗುರುತು ತೋರಿಸಿದ. ಇಲ್ಲಿ ಮುಂಗಾಲು ಮಡಚಿದೆ, ಇಲ್ಲಿ ಬಿದ್ದಿದೆ. ಬಿದ್ದ ಮೇಲೆ ಕಾಲು ಒದ್ದಿಲ್ಲ. "ನೀವು ಕಾಫಿ ಲೋಟ ಹಿಡಿಯುವ ಮುಂಚೆಯೇ" ಅಂದ.

ನಂಬಿಕೆ ಬರಲಿಲ್ಲ. ಮೊಣಕಾಲೂರಿ ಅದರ ನಾಲ್ಕೂ ಕಾಲಿನ ಹತ್ತಿರ ನೆಲವನ್ನು ಕೈಯಿಂದ ಸವರಿ ನೋಡಿದೆ. ಹುಲ್ಲು ನೆಟ್ಟಗೆ ನಿಂತಿತ್ತು. ಒಂದು ಸಣ್ಣ ಇರುವೆಗೂಡು ಕೂಡ ಕೆಟ್ಟಿರಲಿಲ್ಲ. ಕುತ್ತಿಗೆಯ ಮೇಲೆ ಕೈ ಇಟ್ಟೆ, ಇನ್ನೂ ಬೆಚ್ಚಗಿತ್ತು. ತಡೆಯಲಾಗಲಿಲ್ಲ, ಅತ್ತುಬಿಟ್ಟೆ. ಅಷ್ಟು ಜನರೆದುರು, ಅಷ್ಟು ವಯಸ್ಸಾದವನು.

"ಭಾವ, ಒಂದ್ ಫೋಟೋ" ಅಂದ ತಿಪ್ಪೇಶಿ, ಮೆಲ್ಲಗೆ.

"ಲೇ ತಿಪ್ಪೇಶಿ. ಮದ್ದು ಕಮ್ಮಿ ಆಗಿರ್ಲಿಲ್ಲ ಕಣೋ."

"ಯಾವ್ ಮದ್ದು?"

"ಹಂದಿಗೆ ಹಾಕಿದ್ದು. ಮೂರು ಬೆರಳೇ ಸಾಕಿತ್ತು. ಕಂಟಿ ಅಲ್ಲಾಡ್ತು, ಹೊಡೆದೆ. ನಾನು ಹಂದೀನ ನೋಡೇ ಇರ್ಲಿಲ್ಲ. ಇನ್ನೊಂದು ಗಳಿಗೆ ಕಾದಿದ್ರೆ ಬೆಳಕಾಗ್ತಿತ್ತು."

ತಿಪ್ಪೇಶಿ ಎತ್ತಿ ಹಿಡಿದಿದ್ದ ಫೋನನ್ನು ಜೇಬಿಗೆ ಹಾಕಿಕೊಂಡು, ಮುಳ್ಳು ನೋಡದೆ, ನನ್ನ ಪಕ್ಕ ನೆಲಕ್ಕೆ ಕೂತ.